ಗುಂಪು ಸಾಲದ ಪತ್ರಕ್ಕೆ ಸಹಿ ಹಾಕುವ ಮುನ್ನ

ಸಣ್ಣ ವ್ಯಾಪಾರಕ್ಕೆಂದು ಗುಂಪು ಸಾಲ ಎತ್ತಲು ಹೊರಟಿದ್ದೀರಾ? ದಯವಿಟ್ಟು ಇದನ್ನು ಪೂರ್ತಿ ಓದಿ. ನಾವು ಐದು ಜನ ಸೇರಿ ತೆಗೆದುಕೊಂಡ ಸಾಲವೇನೋ ತೀರಿತು. ಆದರೆ ಐವರಲ್ಲಿ ಇಬ್ಬರ ಕೆಲಸ ನಿಂತುಹೋಗಿದೆ, ಒಬ್ಬರು ನಮ್ಮೊಡನೆ ಮಾತು ಬಿಟ್ಟಿದ್ದಾರೆ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಇವೇ ಷರತ್ತುಗಳು ನಾಳೆ ಬೇರೆ ಹೆಸರಿನಲ್ಲಿ ನಿಮ್ಮ ಬಾಗಿಲಿಗೆ ಬರಬಹುದು, ಆದ್ದರಿಂದ ಷರತ್ತುಗಳನ್ನೇ ಗುರುತಿಟ್ಟುಕೊಳ್ಳಿ.

ಅವರು ಬಂದದ್ದು ಸಾಲ ಕೊಡುವವರಂತಲ್ಲ, ಸಣ್ಣ ಉದ್ಯಮಿಗಳನ್ನು ಬೆಳೆಸುವವರಂತೆ. ಅಡಮಾನ ಬೇಡ, ತರಬೇತಿ ಕೊಡುತ್ತೇವೆ, ಮಾರುಕಟ್ಟೆ ತೋರಿಸುತ್ತೇವೆ ಎಂದರು. ತರಬೇತಿ ಒಂದು ಮಧ್ಯಾಹ್ನಕ್ಕೆ ಮುಗಿಯಿತು, ಅದರಲ್ಲಿ ಹೇಳಿಕೊಟ್ಟದ್ದೆಲ್ಲ ಕಂತು ತಪ್ಪಿಸಬಾರದು ಎಂಬುದನ್ನೇ. ಮಾರುಕಟ್ಟೆಯ ಸುದ್ದಿ ಮತ್ತೆ ಬರಲಿಲ್ಲ.

ನನ್ನದು ಚೀಲ ಹೊಲಿಯುವ ಕೆಲಸ. ಯಂತ್ರ ಕೊಂಡು, ಬಟ್ಟೆ ತಂದು, ಹೊಲಿದು ಕೊಟ್ಟ ಮೇಲೂ ಅಂಗಡಿಯವರಿಂದ ಹಣ ಕೈಗೆ ಬರಲು ತಿಂಗಳು ದಾಟುತ್ತದೆ. ಮೊದಲ ಕಂತು ಮಾತ್ರ ಸಾಲ ಕೈಗೆ ಬಂದ ಮುಂದಿನ ವಾರವೇ! ಹಾಗಾದರೆ ಆ ಕಂತು ಎಲ್ಲಿಂದ ಹೋಗಬೇಕು? ಸಾಲದ ಹಣದಿಂದಲೇ. ಯಂತ್ರದ ಜೊತೆಗೆ ಬಟ್ಟೆಗೆಂದು ತೆಗೆದಿಟ್ಟಿದ್ದ ಹಣ ವಾರವಾರವೂ ಕರಗಿತು. ಯಂತ್ರ ಬಂತು, ಹೊಲಿಯಲು ಬಟ್ಟೆ ಇಲ್ಲ. ದಿನವೂ ನಗದು ಕಾಣುವ ವ್ಯಾಪಾರದವರಿಗೆ ವಾರದ ಕಂತು ಹೊಂದಬಹುದು. ನಮ್ಮ ಗುಂಪಿನಲ್ಲೇ ಅಂಥ ಒಬ್ಬರು ನಿಭಾಯಿಸಿದರು. ಮಾಡಿ, ಮಾರಿ, ಕಾದು ಹಣ ಪಡೆಯುವವರಿಗೆ ಅದು ಬಂಡವಾಳವನ್ನೇ ತಿನ್ನುತ್ತದೆ. ಇದು ನನ್ನೊಬ್ಬಳ ಅನುಭವವಲ್ಲ. ಕೋಲ್ಕತ್ತಾದಲ್ಲಿ ಅರ್ಥಶಾಸ್ತ್ರಜ್ಞರಾದ ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತು ಸಂಗಡಿಗರು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಕಂತಿಗೆ ಎರಡು ತಿಂಗಳ ಬಿಡುವು ಸಿಕ್ಕವರು ವ್ಯಾಪಾರಕ್ಕೆ ಹೆಚ್ಚು ಹಣ ಹಾಕಿದರು, ಮುಂದೆ ಅವರ ಲಾಭವೂ ಹೆಚ್ಚಿತು. ಸುಸ್ತಿಯೂ, ಅಂದರೆ ಸಾಲ ಕಟ್ಟದೆ ಉಳಿಯುವುದೂ, ಹೆಚ್ಚಾಯಿತು ಎಂಬುದನ್ನು ಮರೆಮಾಚಬಾರದು. ಸಾಲ ಕೊಡುವವರು ಬಿಡುವು ಕೊಡಲು ಹಿಂಜರಿಯುವುದು ಅದಕ್ಕೇ. ಆದರೆ ಉದ್ಯಮ ಬೆಳೆಸುತ್ತೇವೆ ಎಂದು ಬಂದವರು ಆ ಅಪಾಯದಲ್ಲಿ ಒಂದು ಪಾಲನ್ನೂ ಹೊರುವುದಿಲ್ಲವೆಂದರೆ ಅದು ಬೆಂಬಲ ಹೇಗಾದೀತು?

ಬಡ್ಡಿ ವರ್ಷಕ್ಕೆ ಶೇ. 12 ಎಂದಿದ್ದರು. ಲೆಕ್ಕಕ್ಕೆ 12,000 ಸಾಲ ಎಂದಿಟ್ಟುಕೊಳ್ಳಿ, ಸರಳವಾಗಲೆಂದು ತಿಂಗಳ ಕಂತೇ ಇರಲಿ. ಬಡ್ಡಿ 1,440, ತಿಂಗಳಿಗೆ 1,120ರಂತೆ ಹನ್ನೆರಡು ಕಂತು. ಸರಿಯಾಗಿಯೇ ಕಾಣುತ್ತದೆ. ಆದರೆ ನೀವು ತಿಂಗಳು ತಿಂಗಳೂ ಅಸಲು ತೀರಿಸುತ್ತಿದ್ದರೂ ಬಡ್ಡಿ ಮಾತ್ರ ಕೊನೆಯವರೆಗೆ ಪೂರ್ತಿ 12,000ದ ಮೇಲೇ ಇರುತ್ತದೆ. ಇದನ್ನೇ ಫ್ಲಾಟ್ ಬಡ್ಡಿ ಎನ್ನುವುದು. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದೇ ಸಾಲಕ್ಕೆ ಶೇ. 21 ದಾಟುತ್ತದೆ. ಇನ್ನು ಕೊಡುವಾಗಲೇ ಶೇ. 2 ಪ್ರೊಸೆಸಿಂಗ್ ಫೀ, ಶೇ. 10 ಠೇವಣಿ ಹಿಡಿದುಕೊಂಡರೆ ಕೈಗೆ ಬರುವುದು 10,560. ಕೊನೆಯಲ್ಲಿ ಠೇವಣಿ ವಾಪಸ್ ಬಂದರೂ ನಿಜವಾದ ಬಡ್ಡಿ ಶೇ. 30ರ ಮೇಲೆ. ಹಿಡಿದುಕೊಂಡ ನಿಮ್ಮದೇ ಹಣಕ್ಕೂ ನೀವು ಬಡ್ಡಿ ಕಟ್ಟುತ್ತಿರುತ್ತೀರಿ. ಆದ್ದರಿಂದ ಬಡ್ಡಿ ಎಷ್ಟು ಎಂದು ಕೇಳಿದರೆ ಸಾಲದು. ಕೈಗೆ ಎಷ್ಟು ಬರುತ್ತದೆ, ಒಟ್ಟು ಎಷ್ಟು ಕಟ್ಟಬೇಕು, ಯಾವ ಯಾವ ದಿನ ಎಂದು ಕೇಳಿ, ಅದನ್ನು ಕಾಗದದಲ್ಲಿ ಬರೆಸಿಕೊಳ್ಳಿ.

ಇಷ್ಟನ್ನೂ ತಡೆದುಕೊಳ್ಳುತ್ತಿದ್ದೆವೇನೋ. ನಮ್ಮನ್ನು ಮುರಿದದ್ದು ಜಾಮೀನು. ಗುಂಪಿನಲ್ಲಿ ಒಬ್ಬರು ಕಂತು ತಪ್ಪಿಸಿದರೆ ಉಳಿದವರು ಕಟ್ಟಬೇಕು ಎಂಬ ಷರತ್ತನ್ನು ಅವರು ‘ಪರಸ್ಪರ ವಿಶ್ವಾಸ’ ಎಂದು ವಿವರಿಸಿದ್ದರು. ನಮ್ಮಲ್ಲೊಬ್ಬ ಅಕ್ಕ ಕಾಯಿಲೆ ಬಿದ್ದು ಎದ್ದು ಕೂರಲಾರದ ಸ್ಥಿತಿಗೆ ಬಂದರು. ಆ ವಾರ ಅವರ ಕಂತು ಬರುವವರೆಗೆ ಸಭೆ ಮುಗಿಸಲಿಲ್ಲ, ಯಾರನ್ನೂ ಮನೆಗೆ ಬಿಡಲಿಲ್ಲ. ಕತ್ತಲಾಗುತ್ತಿದ್ದಂತೆ ಇದ್ದಬದ್ದದ್ದನ್ನು ಒಟ್ಟುಮಾಡಿ ಕಟ್ಟಿದೆವು. ಮುಂದಿನ ವಾರ ಮತ್ತೆ. ನಂತರ ಸಿಬ್ಬಂದಿಯೇ ಸೂಚಿಸಿದರು: ನೀವೇ ಹೋಗಿ ಅವರ ಮನೆ ಮುಂದೆ ಕೂತು ಕೇಳಿ. ಹಾಸಿಗೆ ಹಿಡಿದವರ ಬಾಗಿಲಲ್ಲಿ ನೆರೆಹೊರೆಯವರನ್ನೇ ವಸೂಲಿಗೆ ಕೂರಿಸುವ ಏರ್ಪಾಡು ಇದು! ಅವರು ಇಂದು ನಮ್ಮೊಡನೆ ಮಾತಾಡದಿರುವುದಕ್ಕೆ ನನಗೆ ಅವರ ಮೇಲೆ ಕೋಪವಿಲ್ಲ.

ಪ್ರಶ್ನಿಸಿದಾಗ ಸಿಬ್ಬಂದಿ, ಬಾಂಗ್ಲಾದೇಶದ ಗುಂಪು ಸಾಲಗಳ ಕಾಲದಿಂದ ಎಲ್ಲೆಡೆ ಹೀಗೇ ನಡೆಯುವುದು ಎಂದರು. ಅದು ನಿಜವಲ್ಲ. 1983ರಲ್ಲಿ ಬ್ಯಾಂಕ್ ಆಗಿ, 2006ರಲ್ಲಿ ತನ್ನ ಸ್ಥಾಪಕ ಮುಹಮ್ಮದ್ ಯೂನುಸ್ ಅವರೊಡನೆ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಅಲ್ಲಿನ ಗ್ರಾಮೀಣ ಬ್ಯಾಂಕ್, ಐವರ ಗುಂಪು ಇದ್ದರೂ ಸದಸ್ಯರು ಪರಸ್ಪರರ ಸಾಲಕ್ಕೆ ಜಾಮೀನು ಆಗಬೇಕಿಲ್ಲ ಎಂದೇ ಹೇಳಿಕೊಂಡಿದೆ. ಫಿಲಿಪ್ಪೀನ್ಸ್‌ನಲ್ಲಿ ಗುಂಪು ಜಾಮೀನನ್ನು ತೆಗೆದು ಅವರವರ ಸಾಲಕ್ಕೆ ಅವರವರೇ ಹೊಣೆ ಎಂದು ಬದಲಿಸಿ ನೋಡಿದ ಅಧ್ಯಯನದಲ್ಲಿ ಸುಸ್ತಿ ಹೆಚ್ಚಾಗಲಿಲ್ಲ. ಬೇರೆ ದಾರಿಯೇ ಇಲ್ಲ ಎಂಬ ಮಾತಿಗೆ ತಲೆದೂಗಬೇಡಿ.

ಕಂತು ಕಟ್ಟಲಾಗದ ಹೊತ್ತಿಗೆ ಸರಿಯಾಗಿ ಟಾಪ್-ಅಪ್ ಸಾಲದ ಮಾತು ಬರುತ್ತದೆ. ಹಳೆಯ ಬಾಕಿ ಅದರಲ್ಲೇ ಮುರಿದುಕೊಂಡು, ಮಿಕ್ಕದ್ದು ಕೈಗೆ, ಫೀ ಮತ್ತೊಮ್ಮೆ. ಅವರ ಪುಸ್ತಕದಲ್ಲಿ ನೀವು ಸರಿಯಾಗಿ ಕಟ್ಟುತ್ತಿರುವವರು, ನಿಮ್ಮ ಮೇಲಿನ ಸಾಲ ಮಾತ್ರ ಮೊದಲಿಗಿಂತ ದೊಡ್ಡದು. ನಮ್ಮಲ್ಲಿ ಕೆಲಸ ನಿಂತುಹೋದ ಇಬ್ಬರೂ ಟಾಪ್-ಅಪ್ ತೆಗೆದುಕೊಂಡವರೇ.

ಒಪ್ಪಂದದ ಪ್ರತಿಯನ್ನು ಮನೆಗೆ ಒಯ್ಯಲು ಬಿಡದವರ ಹತ್ತಿರ ಸಾಲ ಮಾಡಬೇಡಿ. ನಿಮಗೆ ಓದಲು ಬರುವ ಭಾಷೆಯಲ್ಲೇ ಪ್ರತಿ ಕೇಳಿ. ಕಾಯಿಲೆಯೋ ಸಾವೋ ಬಂದರೆ ಕಂತಿನ ಗತಿ ಏನು ಎಂದು ಎಲ್ಲರ ಎದುರು ಕೇಳಿ. ವಿಮೆ ಇದೆ ಎಂದರೆ ಅದು ಕಾಯಿಲೆಗೂ ಸಿಗುತ್ತದೆಯೋ, ಸತ್ತರೆ ಮಾತ್ರವೋ ಎಂದು ಪತ್ರದಲ್ಲಿ ನೋಡಿ. ನಮ್ಮದು ಸತ್ತರೆ ಮಾತ್ರ ಸಿಗುವಂಥದ್ದು. ಕಟ್ಟಿದ ಪ್ರತಿ ಕಂತಿಗೂ ರಸೀದಿ ಇಟ್ಟುಕೊಳ್ಳಿ, ಸಾಲ ತೀರಿದ ದಿನವೇ ಬಾಕಿ ಇಲ್ಲ ಎಂಬ ಪತ್ರ ಕೇಳಿ, ಆಮೇಲೆ ನಿಮ್ಮ ಸಾಲಗಳ ದಾಖಲೆಯಾದ ಕ್ರೆಡಿಟ್ ವರದಿಯಲ್ಲಿ ಸಾಲ ಮುಕ್ತಾಯ ಎಂದು ದಾಖಲಾಗಿದೆಯೇ ನೋಡಿಕೊಳ್ಳಿ. ನಮಗೆ ಆ ಪತ್ರ ಸಿಕ್ಕಿದೆ. ಠೇವಣಿ ಮಾತ್ರ ಇನ್ನೂ ಬಂದಿಲ್ಲ. ರಸೀದಿಗಳ ಪ್ರತಿ ಲಗತ್ತಿಸಿ, ಕಾಯಿಲೆ ಬಿದ್ದ ಅಕ್ಕನ ಪಾಲಿನದನ್ನೂ ಸೇರಿಸಿ, ಲಿಖಿತ ದೂರು ಕೊಟ್ಟಿದ್ದೇವೆ.