ರೊಟ್ಟಿ ಮೆತ್ತಗಾಗುವ ತನಕ: ಟೂಸಾನ್‌ನ ಮಾಳಿಗೆ ಕೂಲರ್ ಜೊತೆ ಏಳು ಬೇಸಿಗೆ

ನಮ್ಮ ಮನೆಯಲ್ಲಿ ಮಳೆಗಾಲದ ಸುದ್ದಿ ಮೊದಲು ಗೊತ್ತಾಗುವುದು ಖಡಕ್ ರೊಟ್ಟಿಗೆ. ಜೂನ್ ಪೂರ್ತಿ ಡಬ್ಬಿ ಮುಚ್ಚದೆ ಬಿಟ್ಟರೂ ಮುರಿದರೆ ಚಟಕ್ಕನೆ ಸದ್ದು ಮಾಡುವ ರೊಟ್ಟಿ, ಜುಲೈ ಮೊದಲ ವಾರದ ಯಾವುದೋ ಒಂದು ಬೆಳಿಗ್ಗೆ ಒದ್ದೆ ಅರಿವೆಯ ಹಾಗೆ ಬಾಗುತ್ತದೆ. ಉಪ್ಪು ಗಂಟು ಕಟ್ಟುತ್ತದೆ, ಬಚ್ಚಲ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಅವತ್ತಿನಿಂದ ಹೆಚ್ಚುಕಡಿಮೆ ಎರಡು ತಿಂಗಳು ಮಾಳಿಗೆ ಮೇಲಿನ ಕೂಲರ್ ಇದ್ದೂ ಇಲ್ಲದ ಲೆಕ್ಕ. ಈ ವಿಮರ್ಶೆ ಬರೆಯಲು ಕೂತದ್ದೇ ಆ ಸಿಟ್ಟಿನಲ್ಲಿ.

ನಾವಿರುವುದು ಅಮೆರಿಕದ ಅರಿಜೋನಾದ ಟೂಸಾನ್‌ನಲ್ಲಿ. (ಹೆಸರು ಬರೆಯುವಾಗ ನಡುವೆ ಒಂದು ‘ಸಿ’ ಬರುತ್ತದೆ, ಹೇಳುವಾಗ ಅದನ್ನು ನುಂಗಬೇಕು. ‘ಟಕ್ಸನ್’ ಅಂದು ನಗೆಪಾಟಲಾದವರಲ್ಲಿ ನಾನೂ ಒಬ್ಬ.) ಸೊನೊರಾ ಮರುಭೂಮಿಯ ಊರು. ಸುತ್ತ ಬೆಟ್ಟ, ಬೆಟ್ಟದ ಬುಡದಲ್ಲಿ ಕೈ ಎತ್ತಿ ನಿಂತ ಸವಾರೊ ಕಳ್ಳಿಗಳು. ಹುಟ್ಟೂರು ಕಲಬುರಗಿ ಆದ್ದರಿಂದ ಬಿಸಿಲು ನನಗೆ ಹೊಸದಲ್ಲ. ಬಿಸಿಲಿನ ಬಗ್ಗೆ ಇಲ್ಲಿನವರು ಜಂಬ ಕೊಚ್ಚಿಕೊಳ್ಳುವಾಗ ಸುಮ್ಮನೆ ನಕ್ಕು ಬಿಡುತ್ತೇನೆ.

2018ರಲ್ಲಿ ನಾವು ಕೊಂಡದ್ದು 1950ರ ದಶಕದ ಒಂದು ಇಟ್ಟಿಗೆ ಮನೆ. ಎಸಿ ಇರಲಿಲ್ಲ. ಮನೆ ತೋರಿಸಿದಾಕೆ ಸೂರಿನ ಕಡೆ ಬೆರಳು ಮಾಡಿ, “ಸ್ವಾಂಪ್ ಕೂಲರ್ ಒಂದಿದೆ, ಅಷ್ಟೇ” ಎಂದು ತಪ್ಪು ಒಪ್ಪಿಕೊಳ್ಳುವವರ ದನಿಯಲ್ಲಿ ಹೇಳಿದಳು. ಸ್ವಾಂಪ್ ಅಂದರೆ ಜೌಗು. ಎಂಥದೋ ಭೂತ ಇರಬೇಕೆಂದು ಏಣಿ ಹತ್ತಿ ನೋಡಿದರೆ ತಗಡಿನ ಪೆಟ್ಟಿಗೆ, ನಾಲ್ಕು ಕಡೆ ಹುಲ್ಲಿನಂಥ ಚೌಕಟ್ಟು, ತಳದಲ್ಲಿ ಪುಟ್ಟ ಪಂಪು. ಅರೆ, ಇದು ನಮ್ಮ ಕೂಲರ್! ಮಾರ್ಚ್ ಬಂತೆಂದರೆ ಕಲಬುರಗಿಯ ರಸ್ತೆ ಬದಿಯಲ್ಲಿ ಹುಲ್ಲು ಮಾರಲು ಕೂರುತ್ತಾರಲ್ಲ, ಅದೇ ಕೂಲರ್. ಅಲ್ಲಿ ಕಿಟಕಿಗೆ ಆತು ನಿಲ್ಲುತ್ತದೆ, ಇಲ್ಲಿ ಮಾಳಿಗೆ ಮೇಲೆ ಕೂತು ಸೂರಿನ ತೂತಿನಿಂದ ಇಡೀ ಮನೆಗೆ ಗಾಳಿ ಇಳಿಸುತ್ತದೆ. ನಮ್ಮದರ ತಳ ತುಕ್ಕು ತಿಂದು ಜರಡಿಯಾಗಿತ್ತು. ಎಸಿಗೆ, ಅದರ ಕೊಳವೆ ಕೆಲಸ ಎಲ್ಲ ಸೇರಿಸಿ, 11,000 ಡಾಲರ್ ಕೇಳಿದರು. ಹೊಸ ಕೂಲರ್, ಕೂರಿಸುವ ಕೂಲಿ ಸೇರಿ, 1,400ಕ್ಕೆ ಮುಗಿಯಿತು. ಮೋಟಾರು ಎಷ್ಟರದು, ಗಾಳಿ ಎಷ್ಟು ದೂಡುತ್ತದೆ ಎಂಬುದೆಲ್ಲ ಪೆಟ್ಟಿಗೆ ಮೇಲೆ ಅಚ್ಚಾಗಿರುತ್ತದೆ, ನೋಡಿಕೊಳ್ಳಿ.

ಈ ಊರಿಗೂ ಕೂಲರಿಗೂ ಹಳೇ ನಂಟು. 1930ರ ದಶಕದಲ್ಲಿ ಇಲ್ಲಿನ ಅರಿಜೋನಾ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪ್ರಾಧ್ಯಾಪಕ ಮಾರ್ಟಿನ್ ಥಾರ್ನ್‌ಬರ್ಗ್, ಜನ ಮನೆಯಲ್ಲೇ ಮಾಡಿಕೊಳ್ಳಬಹುದಾದ ಕೂಲರಿನ ವಿನ್ಯಾಸಗಳನ್ನು ಹಂಚಿದವರು. ನಮ್ಮ ಪಕ್ಕದ ಮನೆಯ ಅಜ್ಜಿ ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ. ಕೂಲರ್ ಓಡಿಸುವ ವಿದ್ಯೆ ನನಗೆ ಬಂದದ್ದು ಆಕೆಯಿಂದ, ಜೊತೆಗೆ ಅಮ್ಮನ ಫೋನುಗಳಿಂದ.

ವಿದ್ಯೆ ಅಂದೆ, ಯಾಕೆಂದರೆ ಇದು ಗುಂಡಿ ಒತ್ತಿ ಮರೆಯುವ ಯಂತ್ರವಲ್ಲ. ಏಪ್ರಿಲ್ ಮೊದಲ ಭಾನುವಾರ ಬೆಳಿಗ್ಗೆ ಆರಕ್ಕೇ ಮಾಳಿಗೆ ಹತ್ತಬೇಕು. ಒಂಬತ್ತಾದರೆ ತಗಡು ಮುಟ್ಟಲಾಗದು. ಚಳಿಗಾಲಕ್ಕೆ ಹೊದಿಸಿದ ಕ್ಯಾನ್ವಾಸ್ ತೆಗೆದು ಕೊಡವಿದರೆ ಜೇಡ, ಒಣ ಎಲೆ, ಒಮ್ಮೆ ಪಾರಿವಾಳದ ಗೂಡೂ ಬಿತ್ತು. ತಳಕ್ಕೆ ಅಂಟಿದ ಸುಣ್ಣಕ್ಕೆ ವಿನಿಗರ್ ಸುರಿದು ಅರ್ಧ ಗಂಟೆ ನೆನೆಸಿ ಕೆರೆಯುವುದು. ಬೇರಿಂಗಿಗೆ ನಾಲ್ಕು ಹನಿ ಎಣ್ಣೆ. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ಬಿಗಿ ನೋಡುವುದು. ನೀರು ಹಂಚುವ ಸಣ್ಣ ನಳಿಕೆಗಳಿಗೆ ಇಲ್ಲಿ ‘ಜೇಡ’ ಅನ್ನುತ್ತಾರೆ, ಅದರ ಕಾಲು ಕಾಲಿಗೂ ತಂತಿ ಹಾಕಿ ತೂತು ಬಿಡಿಸುವುದು. ಕೊನೆಗೆ ಹೊಸ ಹುಲ್ಲು. ಹುಲ್ಲು ಎಂಬುದು ನನ್ನ ಬಾಯಿಮಾತು; ಇಲ್ಲಿ ಅದು ಆಸ್ಪೆನ್ ಮರದ ನಾರು, ಬಲೆಚೀಲದಲ್ಲಿ ತುಂಬಿದ್ದು. ರಟ್ಟಿನ ಜೇನುಗೂಡಿನಂಥ ದುಬಾರಿ ಪ್ಯಾಡೂ ಸಿಗುತ್ತದೆ, ನಾಲ್ಕೈದು ವರ್ಷ ಬರುತ್ತದಂತೆ. ನಾನು ನಾರನ್ನೇ ಹಾಕುತ್ತೇನೆ. ಮೊದಲ ಸಲ ನೀರು ಬಿದ್ದಾಗ ಬರುವ ಆ ಹಸಿ ಮರದ ವಾಸನೆಗಾಗಿ. ಲಾವಂಚದ ಹತ್ತಿರಕ್ಕೂ ಬಾರದು, ಆದರೂ ಕಣ್ಣು ಮುಚ್ಚಿದರೆ ಅರ್ಧ ದಾರಿಯಾದರೂ ಊರಿಗೆ ಹೋಗಿರುತ್ತೇನೆ.

ಮೊದಲ ವರ್ಷ ಇದಿಷ್ಟನ್ನೂ ಚಾಚೂ ತಪ್ಪದೆ ಮಾಡಿ, ಕೆಳಗಿಳಿದು ಸ್ವಿಚ್ ಹಾಕಿದರೆ ಗಾಳಿಯೇ ಇಲ್ಲ. ಮೋಟಾರು ಮೇಲೆ ಗುಯ್ಯೆನ್ನುತ್ತಿದೆ, ಕೆಳಗೆ ಹಾಳೆ ಅಲುಗುತ್ತಿಲ್ಲ. ಮನೆ ಮಾರಿದವರು ಚಳಿಗೆಂದು ಕೊಳವೆಗೆ ಅಡ್ಡ ತಳ್ಳಿದ್ದ ತಗಡಿನ ಹಲಗೆಯನ್ನು ನಾನು ತೆಗೆದೇ ಇರಲಿಲ್ಲ. ಅಜ್ಜಿ ಬೇಲಿಯಾಚೆಯಿಂದ ನೋಡಿ ನಗುತ್ತಿದ್ದಳು.

ದಿನದ ಪೂಜೆ ಬೇರೆ. ಬೆಳಿಗ್ಗೆ ಹತ್ತಕ್ಕೆ, ಮೊದಲಿಗೆ ಬರೀ ಪಂಪು. ಹುಲ್ಲು ನೆನೆಯಲು ಹತ್ತು ನಿಮಿಷ ಬೇಕು. ಅಷ್ಟರಲ್ಲಿ ನಾನು ಚಹಾ ಮುಗಿಸುತ್ತೇನೆ. ಆಮೇಲೆ ಫ್ಯಾನು. ಒಣ ಹುಲ್ಲಿಗೆ ಫ್ಯಾನು ಹಚ್ಚಿದರೆ ಧೂಳು ನೇರ ಮೂಗಿಗೆ. ಮುಂದಿನದು ಕಿಟಕಿ. ಕೂಲರ್ ಹೊರಗಿನ ಗಾಳಿಯನ್ನು ಒಳಗೆ ದೂಡುತ್ತದೆ, ಆ ಗಾಳಿಗೆ ಹೊರಗೆ ಹೋಗುವ ದಾರಿ ಬೇಕು. ಯಾವ ಕೋಣೆ ತಂಪಾಗಬೇಕೋ ಆ ಕೋಣೆಯ ಕಿಟಕಿಯನ್ನು ಎರಡು ಬೆರಳಷ್ಟು ತೆರೆಯಿರಿ, ಗಾಳಿ ಅಲ್ಲಿಗೆ ನಡೆದು ಹೋಗುತ್ತದೆ. ಮಧ್ಯಾಹ್ನ ಅಡುಗೆಮನೆ ಕಿಟಕಿ, ಸಂಜೆ ಪಡಸಾಲೆಯದು, ರಾತ್ರಿ ಮಲಗುವ ಕೋಣೆಯದು. ತೆರೆದದ್ದು ಹೆಚ್ಚಾದರೆ ಗಾಳಿ ಸಪ್ಪೆ, ಕಡಿಮೆಯಾದರೆ ಬಾಗಿಲುಗಳು ತಾವೇ ದಡ್ಡನೆ ಬಡಿದುಕೊಳ್ಳುತ್ತವೆ. ಒಂದು ಟಿಶ್ಯೂ ಕಾಗದವನ್ನು ಕಿಟಕಿ ಸಂದಿಗೆ ಹಿಡಿದು, ಅದು ಜಾಲರಿಗೆ ಮೆಲ್ಲಗೆ ಅಂಟಿ ನಿಂತರೆ ಸರಿ: ಇದು ಅಜ್ಜಿಯ ಪಾಠ. ಮನೆಗೆ ಬಂದ ನೆಂಟರು, “ಕೂಲರ್ ಓಡುವಾಗ ಕಿಟಕಿ ತೆಗೆದಿಟ್ಟಿದ್ದೀರಲ್ರೀ!” ಎಂದು ಉಪಕಾರ ಮಾಡುವವರ ಹಾಗೆ ಒಂದೊಂದೇ ಮುಚ್ಚುತ್ತ ಬರುತ್ತಾರೆ. ಅವರ ಹಿಂದೆ ನಾನು ಒಂದೊಂದೇ ತೆರೆಯುತ್ತ ಹೋಗುತ್ತೇನೆ.

ಈ ಲೆಕ್ಕದಲ್ಲಿ ಮೇ, ಜೂನ್ ಸ್ವರ್ಗ. ಊರ ನಡುವಿನ ಸಾಂತಾ ಕ್ರೂಸ್ ನದಿ ವರ್ಷದ ಬಹುಪಾಲು ಬರೀ ಮರಳು. ಆದರೆ ವರ್ಷದಲ್ಲಿ ಮೊದಲ ಸಲ ಪಾದರಸ ನೂರು ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ, ಮುಟ್ಟಿದ ದಿನ ಸ್ಥಳೀಯ ಸುದ್ದಿಯವರು ಗಂಭೀರ ಮುಖ ಮಾಡಿಕೊಂಡು “ಸಾಂತಾ ಕ್ರೂಸ್ ನದಿಯ ಮಂಜುಗಡ್ಡೆ ಒಡೆಯಿತು” ಅನ್ನುತ್ತಾರೆ. ಸಾಮಾನ್ಯವಾಗಿ ಮೇ ಕೊನೆಯ ಹೊತ್ತಿಗೆ. ತಾರೀಖು ಊಹಿಸುವ ಪಂದ್ಯವೂ ಉಂಟು. ಗಡ್ಡೆ ಒಡೆದ ಮೇಲೂ ನಮ್ಮನೆಯಲ್ಲಿ ಆತಂಕವಿಲ್ಲ. ಹೊರಗೆ 40 ಡಿಗ್ರಿ ಇದ್ದಾಗ ಸೂರಿನ ಜಾಲರಿಗೆ ಥರ್ಮಾಮೀಟರ್ ಹಿಡಿದಿದ್ದೇನೆ: 23. ಕರೆಂಟ್ ಬಿಲ್ಲು ಜೂನಿನಲ್ಲಿ 70 ಡಾಲರ್ ದಾಟಿಲ್ಲ. ಎಸಿ ಇರುವ ಗೆಳೆಯನದು 200ರ ಮೇಲೆ.

ನೀರಿನ ಬಿಲ್ಲು ಮಾತ್ರ ಹಿಂಸೆ. ದುಡ್ಡಿಗಿಂತ ಮನಸ್ಸಿಗೆ. ಇಲ್ಲಿ ನೀರಿನ ಲೆಕ್ಕ ನೂರು ಘನ ಅಡಿಗೆ ಒಂದು ಯೂನಿಟ್, ಅಂದರೆ ಸುಮಾರು 2,830 ಲೀಟರ್. ಬೇಸಿಗೆಯಲ್ಲಿ ನಮ್ಮದು ತಿಂಗಳಿಗೆ ಮೂರು ಯೂನಿಟ್ ಏರುತ್ತದೆ. ಅದು ಕೊಲರಾಡೊ ನದಿಯ ನೀರು. 540 ಕಿಲೋಮೀಟರ್ ಕಾಲುವೆಯಲ್ಲಿ ಪಂಪು ಮಾಡಿ ತಂದು, ಊರಾಚೆ ಆವ್ರಾ ಕಣಿವೆಯ ಹೊಂಡಗಳಲ್ಲಿ ಇಂಗಿಸಿ, ಮತ್ತೆ ಮೇಲೆತ್ತಿದ್ದು. 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಆ ನದಿಗೆ ಮೊಟ್ಟಮೊದಲ ಬಾರಿ ಅಧಿಕೃತವಾಗಿ ಕೊರತೆ ಘೋಷಿಸಿ ಅರಿಜೋನಾದ ಪಾಲು ಕಡಿತಗೊಳಿಸಿತು. ಅವತ್ತು ಸುದ್ದಿ ಕೇಳುತ್ತ ಕೂತಾಗ ತಲೆ ಮೇಲೆ ಜುಳುಜುಳು ಸದ್ದು. ವಿದ್ಯುತ್ ತಯಾರಿಕೆಗೂ ನೀರು ಬೇಕು, ಎಸಿಯೇನು ಸಾಚಾ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಪೂರ್ತಿ ಒಪ್ಪಿಗೆಯಾಗಲಿಲ್ಲ.

ಇನ್ನು ಸಿಟ್ಟಿನ ಭಾಗ. ಜೂನ್ 24 ಸಾನ್ ಹುವಾನ್ ಹಬ್ಬ. ಮಳೆ ಕರೆಯುವ ದಿನ. ಊರಿನ ಪಶ್ಚಿಮ ಭಾಗದಲ್ಲಿ ಮೆರವಣಿಗೆ, ಹಾಡು, ಕುದುರೆಗಳು. ಎಲ್ಲರೂ ಆಕಾಶ ನೋಡುತ್ತಾರೆ. ನಾನೊಬ್ಬ, ಇನ್ನೊಂದು ವಾರ ತಡವಾಗಲಪ್ಪ ಎಂದು ಒಳಗೊಳಗೇ ಬೇಡಿಕೊಳ್ಳುತ್ತೇನೆ. ಇಲ್ಲಿನ ಹವಾಮಾನ ಕಚೇರಿಯ ಲೆಕ್ಕದಲ್ಲಿ ಮುಂಗಾರು ಜೂನ್ 15ರಿಂದ ಸೆಪ್ಟೆಂಬರ್ 30. 2008ಕ್ಕೆ ಮುಂಚೆ ಹೀಗಿರಲಿಲ್ಲ. ಆಗೆಲ್ಲ ಇಬ್ಬನಿ ಬಿಂದು (ಗಾಳಿ ಎಷ್ಟು ತಂಪಾದರೆ ಇಬ್ಬನಿ ಕಟ್ಟುತ್ತದೋ ಆ ಉಷ್ಣಾಂಶ; ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಇದು ಏರುತ್ತದೆ) ಮೂರು ದಿನ ಸತತ 54 ಫ್ಯಾರನ್‌ಹೀಟ್, ಅಂದರೆ 12 ಡಿಗ್ರಿ, ಮುಟ್ಟಿದರೆ ಮಾತ್ರ ಮುಂಗಾರು ಬಂದಂತೆ. ನನಗೆ ಹಳೇ ಲೆಕ್ಕವೇ ಸರಿ, ಏಕೆಂದರೆ ಕೂಲರಿನ ಗಡಿಯೂ ಹೆಚ್ಚುಕಡಿಮೆ ಅದೇ. ಹುಲ್ಲಿನ ನೀರು ಆವಿಯಾಗಿ ಗಾಳಿಗೆ ಸೇರಿದರಷ್ಟೇ ತಂಪು; ಗಾಳಿ ಆಗಲೇ ನೀರು ಕುಡಿದಿದ್ದರೆ ಹುಲ್ಲಿನಿಂದ ಇನ್ನೆಷ್ಟು ಕುಡಿದೀತು? ಜುಲೈನಲ್ಲಿ ಹೊರಗೆ 38, ಜಾಲರಿಯಲ್ಲಿ 28. ಬರೀ 28 ಆದರೆ ಸಹಿಸಬಹುದು, ಅದು ಬಚ್ಚಲ ಮನೆಯ 28. ಹಾಸಿಗೆ ಅಂಟು, ಪುಸ್ತಕ ಅಂಟು, ಮಾತೂ ಅಂಟು. “ಎಸಿ ಹಾಕಿಸೋಣ ಅಂತ ನಾನು ಅವತ್ತೇ ಹೇಳಿದ್ದೆ” ಎಂಬ ವಾಕ್ಯ ನಮ್ಮ ಮನೆಯಲ್ಲಿ ಜುಲೈ ತಿಂಗಳಿಗೆ ಮೀಸಲು.

2020ರಲ್ಲಿ ಕೂಲರ್ ಬೇರೆ ಥರ ಕೈಕೊಟ್ಟಿತು. ಜೂನ್ 5ರಂದು ಸಾಂತಾ ಕ್ಯಾಟಲಿನಾ ಬೆಟ್ಟಕ್ಕೆ ಸಿಡಿಲು ಬಡಿದು ಹೊತ್ತಿದ ಬಿಗ್‌ಹಾರ್ನ್ ಕಾಳ್ಗಿಚ್ಚು ವಾರಗಟ್ಟಲೆ ಉರಿದು 1.2 ಲಕ್ಷ ಎಕರೆಯಷ್ಟು ನುಂಗಿತು. ರಾತ್ರಿ ಹಿತ್ತಲಿನಲ್ಲಿ ನಿಂತರೆ ಬೆಟ್ಟದ ಅಂಚಿಗುಂಟ ಕೆಂಪು ಗೆರೆ. ಎಸಿ ಇದ್ದವರು ಕಿಟಕಿ ಮುಚ್ಚಿ ಕೂತರು. ನಮ್ಮ ಕೂಲರ್ ಮಾತ್ರ ನಿಯತ್ತಿನ ಆಳಿನ ಹಾಗೆ ಆ ಹೊಗೆಯನ್ನೇ ಎಳೆದು, ತಂಪು ಮಾಡಿ, ಕೋಣೆ ಕೋಣೆಗೆ ಬಡಿಸಿತು. ಆಫ್ ಮಾಡಿದರೆ ಸೆಕೆ, ಆನ್ ಮಾಡಿದರೆ ಕೆಮ್ಮು. ಆ ವರ್ಷ ಮಳೆಯೂ ಕೈಕೊಟ್ಟಿತು. ಇಡೀ ಮುಂಗಾರಿಗೆ 41 ಮಿಲಿಮೀಟರ್. ಹಾಗಾಗಿ ಆಗಸ್ಟಿನಲ್ಲೂ ಕೂಲರ್ ಚೆನ್ನಾಗಿಯೇ ನಡೆಯಿತು. ಸಂತೋಷಪಡಲು ನಾಚಿಕೆಯಾಗುವಂಥ ತಂಪು ಅದು.

ಮರುವರ್ಷ ಸೋತೆ. ಮಲಗುವ ಕೋಣೆಗೊಂದು ಸಣ್ಣ ಎಸಿ ಹಾಕಿಸಿದೆವು. ಹಾಕಿಸಿದ್ದಕ್ಕೆ ಸರಿಯಾಗಿ 2021ರ ಜುಲೈ ಟೂಸಾನ್‌ನ ದಾಖಲೆಯಲ್ಲೇ ಅತಿ ಹೆಚ್ಚು ಮಳೆಯ ತಿಂಗಳಾಯಿತು. ಆ ಮುಂಗಾರಿನ ಮೊತ್ತ 325 ಮಿಲಿಮೀಟರ್, ಹಿಂದಿನ ವರ್ಷದ ಎಂಟು ಪಟ್ಟು. ಒಣ ನದಿಗಳಲ್ಲಿ ಕೆಂಪು ನೀರು ಬಂತೆಂದು ಜನ ಸೇತುವೆ ಮೇಲೆ ಮಕ್ಕಳನ್ನು ಹೆಗಲಿಗೇರಿಸಿಕೊಂಡು ನಿಂತರು. ಕೂಲರಿಗೆ ಬೀಗ.

ಆ ತಿಂಗಳ ಒಂದು ಸಂಜೆ ಸ್ವಿಚ್ ತಿರುಗಿಸುವಾಗ ಕೈತಪ್ಪಿ ಅದು ‘ವೆಂಟ್’ಗೆ ಹೋಯಿತು. ಪಂಪು ಇಲ್ಲ, ಬರೀ ಫ್ಯಾನು. ಮಳೆ ಇನ್ನೂ ಬಂದಿರಲಿಲ್ಲ, ದಕ್ಷಿಣಕ್ಕೆ ಎಲ್ಲೋ ಸುರಿಯುತ್ತಿತ್ತು. ಗಾಳಿ ಮಾತ್ರ ಮುಂಚಿತವಾಗಿ ಹೊರಟು ಬಂದಿತ್ತು. ಇಲ್ಲಿ ಕ್ರಿಯೋಸೋಟ್ ಅಂತೊಂದು ಪೊದೆ, ಮರುಭೂಮಿ ತುಂಬ. ಎಲೆಗೆ ಅಂಟಂಟು ಮೇಣ. ತೇವ ತಾಕಿದರೆ ಸಾಕು, ಗಮ್ಮನೆ ಬಿಟ್ಟುಕೊಡುತ್ತದೆ. ಮಳೆ ನೆನಪಾದಾಗ ಮೂಸಲು ಅದರ ಟೊಂಗೆಯನ್ನು ಬಚ್ಚಲಲ್ಲಿ ತೂಗುಹಾಕುವವರಿದ್ದಾರೆ. ಆ ಸಂಜೆ ಅದು ಸೂರಿನಿಂದ ಇಳಿಯಿತು, ಎಲ್ಲ ಕೋಣೆಗಳಿಗೂ ಒಂದೇ ಸಲ. ಟಾರಿನ ಒಂದು ಎಳೆ, ನಿಂಬೆ ಸಿಪ್ಪೆಯ ಒಂದು ಎಳೆ, ಅಡಿಗೆ ಹಸಿ ಮಣ್ಣು. ಹೆಂಡತಿ ಅಡುಗೆಮನೆಯಿಂದ ಬಂದು ಜಾಲರಿಯ ಕೆಳಗೆ ಮುಖ ಎತ್ತಿ ನಿಂತಳು. ಎಸಿ ಬಗ್ಗೆ ಅವತ್ತು ಮಾತಿರಲಿಲ್ಲ. ಹಿಂದಿನ ವರ್ಷ ಹೊಗೆ ನುಗ್ಗಿದ್ದೂ ಅದೇ ತೂತಿನಿಂದ.

ಈಗ ನನ್ನ ಜುಲೈ ಹೀಗೆ: ಹಗಲು ಕೂಲರ್ ಬಂದ್, ರಾತ್ರಿ ಮಲಗುವ ಕೋಣೆಗೆ ಎಸಿ, ಸಂಜೆ ಗಾಳಿ ತಿರುಗಿದ ಕೂಡಲೇ ವೆಂಟ್. ಕೊಳ್ಳಬೇಕೇ ಎಂದು ಕೇಳುವವರಿಗೆ: ಮಾಳಿಗೆ ಹತ್ತಲು ಮೊಣಕಾಲು ಚೆನ್ನಾಗಿದ್ದರೆ, ಆಸ್ತಮಾ ಇಲ್ಲದಿದ್ದರೆ, ಒಂದಾದರೂ ಕೋಣೆಗೆ ಎಸಿ ಇಟ್ಟುಕೊಳ್ಳುವಷ್ಟು ದುಡ್ಡಿದ್ದರೆ, ಕೊಳ್ಳಿ. ಏಳು ವರ್ಷದಲ್ಲಿ ಎರಡು ಪಂಪು, ಮೂರು ಬೆಲ್ಟು ಹೋಗಿವೆ, ಮೋಟಾರು ಗಟ್ಟಿ ಇದೆ. ಗಡಸು ನೀರಿನ ಸುಣ್ಣ ಬಿಡಿಸಲು ಮಾರುವ ಬಣ್ಣದ ದ್ರಾವಣಗಳಿಗೆ ದುಡ್ಡು ಸುರಿಯಬೇಡಿ, ವಿನಿಗರ್ ಸಾಕು. ಹುಲ್ಲನ್ನು ಮೇ ತನಕ ಕಾಯದೆ ಮಾರ್ಚಿನಲ್ಲೇ ತಂದಿಡಿ, ಆಮೇಲೆ ನಿಮ್ಮ ಅಳತೆಯದು ಸಿಗುವುದಿಲ್ಲ.

ಕಳೆದ ಸಲ ಹಾಗೆ ವೆಂಟ್ ಹಾಕಿ ಕೂತಾಗ ಅಮ್ಮನ ಫೋನು ಬಂತು. ಹಿಂದೆ ಫ್ಯಾನಿನ ಸದ್ದು ಅವಳ ಕಿವಿಗೆ ಬಿದ್ದಿರಬೇಕು.

“ಮಳಿ ಬರ್ಲಕತ್ತದ ಅಂತಿ, ಮತ್ತ ಕೂಲರ್ ಯಾಕ ಹಚ್ಚೀದಿ?”

“ವಾಸನಿ ಸಲುವಾಗಿ ಅಮ್ಮ, ತಡಿ” ಎಂದು ಸ್ಟೂಲಿನ ಮೇಲೆ ಹತ್ತಿ ಫೋನನ್ನು ಜಾಲರಿಗೆ ಹಿಡಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಸಪ್ಪಳ ಕೇಳ್ತದ ನೋಡು, ಅಷ್ಟ. ಬೆಲ್ಟ್ ಸಡ್ಲ ಆಗ್ಯಾದ.”

ಮರುದಿನ ಹತ್ತಿ ನೋಡಿದೆ. ಆಗಿತ್ತು.