ಎಣಿಕೆಯ ದಿನ, ಮಾಟುಂಗಾದ ಉಡುಪಿ ಹೋಟೆಲ್

ಮುಂಬೈಯ ಮಾಟುಂಗಾ ಸ್ಟೇಷನ್ ಹತ್ತಿರದ ಚಿಕ್ಕ ಹೋಟೆಲ್. ಗಲ್ಲಾದ ಮೇಲೊಂದು ಟಿವಿ. 2023ರ ಮೇ 13, ಶನಿವಾರ, ಕರ್ನಾಟಕದ ಮತ ಎಣಿಕೆಯನ್ನು ಅಲ್ಲೇ ಕೂತು ನೋಡಿದೆ.

ಬನ್ಸ್ ಸೊಗಸಾಗಿತ್ತು. ಒಳಗೆ ಮೆತ್ತಗೆ, ಬಾಳೆಹಣ್ಣಿನ ಸಿಹಿ ಹದವಾಗಿ, ಎಣ್ಣೆ ಕುಡಿದಿರಲಿಲ್ಲ. ಚಟ್ನಿ ಮಾತ್ರ ನೀರು ನೀರು. ಕಾಫಿಗೆ ಕೇಳದೆಯೇ ಸಕ್ಕರೆ ಸುರಿಯುತ್ತಾರೆ, ಮೊದಲೇ ಹೇಳಿಬಿಡಿ.

ಕಾಂಗ್ರೆಸ್ ಬಹುಮತಕ್ಕೆ ಬೇಕಾದ 113 ದಾಟಿದಾಗ ಅರ್ಧ ಜನ ತಲೆಯೂ ಎತ್ತಲಿಲ್ಲ. ಎಲ್ಲರ ಕಣ್ಣು ದಕ್ಷಿಣ ಕನ್ನಡದ ಪುತ್ತೂರಿನ ಮೇಲೆ! ಬಿಜೆಪಿ ಟಿಕೆಟ್ ಸಿಗದ ಅರುಣ್ ಪುತ್ತಿಲ ಪಕ್ಷೇತರರಾಗಿ ನಿಂತಿದ್ದರಲ್ವಾ, ಅಲ್ಲಿನ ಅಂಕಿ ಬಂದಾಗೆಲ್ಲ ತುಳು, ಕನ್ನಡ ಎರಡರಲ್ಲೂ ಗಲಾಟೆ. ಕೊನೆಗೆ ಗೆದ್ದಿದ್ದು ಕಾಂಗ್ರೆಸ್‌ನ ಅಶೋಕ್ ರೈ. ಬಿಜೆಪಿ ಮೂರನೇ ಸ್ಥಾನಕ್ಕೆ ಜಾರಿತ್ತು. ಸಪ್ಲೈಯರ್ ಹುಡುಗನೂ ಪುತ್ತೂರಿನವನೇ, ಹಾಗಾಗಿ ನನ್ನ ಮಸಾಲೆ ದೋಸೆ ತಣ್ಣಗಾಗಿ ಬಂತು. ಬೈಯಲು ಮನಸ್ಸಾಗಲಿಲ್ಲ.

ಊಟದ ಹೊತ್ತಿಗೆ ಗಿರಾಕಿಗಳು ನಿಂತು ಕಾಯುತ್ತಿದ್ದರೂ ನಮ್ಮನ್ನು ಯಾರೂ ಎಬ್ಬಿಸಲಿಲ್ಲ. ಮುಂಬೈಯಲ್ಲಿ ಇದು ದೊಡ್ಡ ಮಾತು. ಒಟ್ಟು ಲೆಕ್ಕ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಬೆಂಗಳೂರಿನ ಜಯನಗರ ಮಾತ್ರ ತಡರಾತ್ರಿಯವರೆಗೆ ಎಳೆಯಿತು, ಬಿಜೆಪಿಗೆ 16 ಮತಗಳ ಗೆಲುವು. ಅದನ್ನು ಮನೆಯಲ್ಲೇ ಮೊಬೈಲಿನಲ್ಲಿ ನೋಡಿದೆ.

ಕಾರ್ಡ್ ನಡೆಯುವುದಿಲ್ಲ, ಜೀಪೇ ಆಗುತ್ತದೆ. ಟಿವಿ ಕಾಣಬೇಕಾದರೆ ಕೈತೊಳೆಯುವ ಜಾಗದ ಪಕ್ಕದ ಮೇಜು ಬೇಡ.