ಚಾರಣದ ಪಾಠಕ್ಕೆ ಯಾವ ಕಂಪಾಸ್: ಪ್ರಿಸ್ಮ್ಯಾಟಿಕ್, ಬೇಸ್‌ಪ್ಲೇಟ್, ಮೊಬೈಲ್

ನಕ್ಷೆ ಓದಲು ಕಲಿಸಹೊರಟವರಿಗೆ ಮೊದಲ ದಿನವೇ ಎದುರಾಗುವ ಪ್ರಶ್ನೆ: ಹೊಸಬರ ಕೈಗೆ ಯಾವ ಕಂಪಾಸ್ ಕೊಡಬೇಕು? ನಮ್ಮ ಕಡೆ ಸಿಗುವುದು ಮೂರು. ಎನ್‌ಸಿಸಿ ಪಾಠದಲ್ಲಿ ಬರುವ, ಮುಚ್ಚಳ ತೆರೆದು ಕಣ್ಣಿಗೆ ಹಿಡಿಯುವ ಪ್ರಿಸ್ಮ್ಯಾಟಿಕ್. ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಯ ಮೇಲೆ ತಿರುಗುವ ಡಬ್ಬಿ ಇರುವ ಬೇಸ್‌ಪ್ಲೇಟ್. ಎಲ್ಲರ ಜೇಬಿನಲ್ಲಿರುವ ಮೊಬೈಲ್. ಮೂರನ್ನೂ ಒಂದೇ ಬಯಲಿನಲ್ಲಿ, ಒಂದೇ ಹಾಳೆಯೊಂದಿಗೆ ಹೊಸಬರಿಂದ ಬಳಸಿಸಿ ಹೋಲಿಸಿದ್ದೇವೆ.

ಹಾಳೆ ಎಂದರೆ ಸರ್ವೆ ಆಫ್ ಇಂಡಿಯಾದ 1:50,000 ಓಪನ್ ಸೀರೀಸ್ ಟೋಪೋಶೀಟ್, ಅಂದರೆ ಗುಡ್ಡ, ಹಳ್ಳ, ದಾರಿಗಳನ್ನು ತೋರಿಸುವ ನಕ್ಷೆ. ಪಿಡಿಎಫ್ ಮುದ್ರಿಸುವಾಗ ‘ಪುಟಕ್ಕೆ ಹೊಂದಿಸು’ ಆಯ್ಕೆ ಬಿದ್ದಿದ್ದರೆ ನಕ್ಷೆ ಕುಗ್ಗುತ್ತದೆ, ಅಳತೆಯೆಲ್ಲ ಹಾಳಾಗುತ್ತದೆ. ಅಂಚಿನ ಅಳತೆಪಟ್ಟಿಯ ಮೇಲೆ ಸ್ಕೇಲ್ ಇಟ್ಟು ನೋಡಿ: 1 ಕಿ.ಮೀ. ಸರಿಯಾಗಿ 2 ಸೆಂ.ಮೀ. ಬರಬೇಕು. ಬಣ್ಣದಲ್ಲೇ ಮುದ್ರಿಸಿ. ಕಪ್ಪು-ಬಿಳುಪಿನಲ್ಲಿ ಕಂದು ಬಣ್ಣದ ಕಂಟೂರ್ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ) ಯಾವುದು, ಹಳ್ಳ ಯಾವುದು ಎಂದು ಹೊಸಬರಿಗೆ ಗೊತ್ತಾಗುವುದಿಲ್ಲ.

ಪರೀಕ್ಷೆ ಸರಳ. ನೆಲದ ಮೇಲೆ ಒಂದು ನಾಣ್ಯ ಇಡಿ. 40 ಡಿಗ್ರಿ ದಿಕ್ಕಿಗೆ (ಉತ್ತರದಿಂದ ಬಲಕ್ಕೆ ಎಣಿಸಿದ್ದು) ನಲವತ್ತು ಹೆಜ್ಜೆ, ನಿಂತು 160 ಡಿಗ್ರಿಗೆ ನಲವತ್ತು, ಮತ್ತೆ 280 ಡಿಗ್ರಿಗೆ ನಲವತ್ತು. ಸರಿಯಾಗಿ ನಡೆದರೆ ನಾಣ್ಯದ ಹತ್ತಿರವೇ ಬಂದು ನಿಲ್ಲುತ್ತಾರೆ. ಗೋಲ್‌ಪೋಸ್ಟ್, ತಂತಿಬೇಲಿ, ನಿಲ್ಲಿಸಿದ ವಾಹನಗಳಿಂದ ದೂರದ ಬಯಲು ಬೇಕು. ಅಭಯಾರಣ್ಯದೊಳಗೆ ದಾರಿ ಬಿಟ್ಟು ನಡೆಯುವಂತಿಲ್ಲ. ಇಂಥ ಅಭ್ಯಾಸಕ್ಕೆ ಗೋಮಾಳ, ಬತ್ತಿದ ಕೆರೆಯಂಗಳವೇ ಒಳ್ಳೆಯದು.

ಬೇಸ್‌ಪ್ಲೇಟ್ ಹಿಡಿದವರು ಈ ಅಭ್ಯಾಸದಲ್ಲಿ ಬೇಗ ಪಳಗುತ್ತಾರೆ. ನಕ್ಷೆಯಿಂದ ದಿಕ್ಕು ತೆಗೆಯುವುದಕ್ಕೂ ಇದರಲ್ಲಿ ಮೂರೇ ಕೆಲಸ. ನಾವಿರುವ ಜಾಗದಿಂದ ಹೋಗಬೇಕಾದ ಜಾಗಕ್ಕೆ ಪಟ್ಟಿಯ ಅಂಚು ಕೂಡಿಸಿ, ಪಟ್ಟಿಯ ಮೇಲಿನ ಬಾಣದ ತುದಿ ಹೋಗಬೇಕಾದ ಕಡೆಗಿರಲಿ. ಡಬ್ಬಿ ತಿರುಗಿಸಿ, ಅದರ ತಳದ ಗೆರೆಗಳನ್ನು ನಕ್ಷೆಯ ಉತ್ತರ-ದಕ್ಷಿಣ ಗ್ರಿಡ್ ಗೆರೆಗಳಿಗೆ ಸಮಾನಾಂತರ ಮಾಡಿ. ನಕ್ಷೆ ಬದಿಗಿಟ್ಟು, ಕಂಪಾಸನ್ನು ಎದೆಮಟ್ಟದಲ್ಲಿ ಸಮವಾಗಿ ಹಿಡಿದು, ಕೆಂಪು ಸೂಜಿ ಡಬ್ಬಿಯ ತಳದ ಕೆಂಪು ಗುರುತಿನೊಳಗೆ ಕೂರುವವರೆಗೆ ಮೈಯನ್ನೇ ತಿರುಗಿಸಿ.

ತಪ್ಪುಗಳೂ ಇಂಥವೇ ಎಂದು ಮೊದಲೇ ಹೇಳಿಬಿಡಬಹುದು. ಮೊದಲನೆಯದು ಬಾಣ ತಿರುವುಮುರುವಾಗಿ ಇಡುವುದು. ಎರಡನೆಯದು ಡಬ್ಬಿಯ ಉತ್ತರವನ್ನು ನಕ್ಷೆಯ ದಕ್ಷಿಣಕ್ಕೆ ಮಾಡುವುದು. ಎರಡರಲ್ಲೂ 180 ಡಿಗ್ರಿ ತಪ್ಪುತ್ತದೆ, ಹೋಗಬೇಕಾದದ್ದಕ್ಕೆ ನೇರ ಬೆನ್ನು ಹಾಕಿ ನಡೆಯುತ್ತಾರೆ. ಇದಕ್ಕೆ ಒಂದೇ ಮದ್ದು: ಕಂಪಾಸ್ ಮುಟ್ಟುವ ಮೊದಲೇ ನಕ್ಷೆ ನೋಡಿ ‘ಸುಮಾರು ಈಶಾನ್ಯ’ ಎಂದು ಬಾಯಿಬಿಟ್ಟು ಹೇಳಿಸುವುದು. ಬೆಳಗ್ಗೆ ಪೂರ್ವಕ್ಕೆ ಹೊರಟವರ ಬೆನ್ನಿಗೆ ಬಿಸಿಲು ಬಿದ್ದರೆ ಅವರೇ ನಿಲ್ಲುತ್ತಾರೆ. ಮೂರನೆಯದು ಸೂಜಿಯನ್ನೇ ನೋಡುತ್ತ ನಡೆಯುವುದು. ಆ ದಿಕ್ಕಿನಲ್ಲಿ ಕಾಣುವ ಒಂದು ಮರವನ್ನೋ ಬಂಡೆಯನ್ನೋ ಹಿಡಿದು, ಅಲ್ಲಿವರೆಗೆ ನಡೆದು, ಮತ್ತೆ ಕಂಪಾಸ್ ನೋಡಬೇಕು.

ಪ್ರಿಸ್ಮ್ಯಾಟಿಕ್‌ನಲ್ಲಿ ನಕ್ಷೆಗೂ ಕಂಪಾಸ್‌ಗೂ ನಡುವೆ ಪ್ರೊಟ್ರ್ಯಾಕ್ಟರ್ ಬೇಕು. ಗೆರೆ ಎಳೆದು, ಕೋನ ಅಳೆದು, ಆ ಅಂಕಿ ನೆನಪಿಟ್ಟುಕೊಂಡು, ಪ್ರಿಸ್ಮ್‌ಗೆ ಕಣ್ಣಿಟ್ಟು ಅದೇ ಅಂಕಿ ಬರುವವರೆಗೆ ತಿರುಗಬೇಕು. ಪ್ರತಿ ಹಂತದಲ್ಲೂ ಒಂದು ತಪ್ಪಿಗೆ ಜಾಗವಿದೆ. ಪ್ರೊಟ್ರ್ಯಾಕ್ಟರಿನ ಒಳ ಅಂಕಿಗೂ ಹೊರ ಅಂಕಿಗೂ ಅದಲುಬದಲಾಗುವುದು ಎಲ್ಲಕ್ಕಿಂತ ಹೆಚ್ಚು. ಇಷ್ಟು ಕಷ್ಟಪಟ್ಟು ಸಿಗುವುದೇನು? ಅರ್ಧ ಡಿಗ್ರಿಯಷ್ಟು ಸೂಕ್ಷ್ಮ. ಬೇಸ್‌ಪ್ಲೇಟ್‌ನ ಗೆರೆಗಳು ಸಾಮಾನ್ಯವಾಗಿ 2 ಡಿಗ್ರಿಗೊಂದು. 500 ಮೀಟರ್ ನಡಿಗೆಯಲ್ಲಿ 2 ಡಿಗ್ರಿ ತಪ್ಪಿದರೆ ಪಕ್ಕಕ್ಕೆ ಸರಿಯುವುದು ಸುಮಾರು 17 ಮೀಟರ್, ಅರ್ಧ ಡಿಗ್ರಿಗೆ 4 ಮೀಟರ್. ಪೊದೆ ಬಳಸಿ, ಕಲ್ಲು ಹತ್ತಿ ಇಳಿಯುವ ಕಾಲು ಆ ವ್ಯತ್ಯಾಸವನ್ನು ಹೇಗೂ ನುಂಗಿಹಾಕುತ್ತದೆ.

ಪ್ರಿಸ್ಮ್ಯಾಟಿಕ್ ಗೆಲ್ಲುವುದು ಬೇರೆ ಕೆಲಸದಲ್ಲಿ. ಹುಲ್ಲುಗುಡ್ಡದ ಮೇಲೆ ನಿಂತು, ದೂರದ ಎರಡು-ಮೂರು ಶಿಖರಗಳ ಬೇರಿಂಗ್ (ಡಿಗ್ರಿಯಲ್ಲಿ ಅಳೆದ ದಿಕ್ಕು) ತೆಗೆದು, ಅವುಗಳಿಂದ ಹಿಂದಕ್ಕೆ ಗೆರೆ ಎಳೆದು ನಾವೆಲ್ಲಿದ್ದೇವೆ ಎಂದು ಕಂಡುಹಿಡಿಯುವಾಗ. 5 ಕಿ.ಮೀ. ದೂರದ ಶಿಖರಕ್ಕೆ 2 ಡಿಗ್ರಿ ತಪ್ಪೆಂದರೆ 175 ಮೀಟರ್, ಹಾಳೆಯ ಮೇಲೆ ಮೂರೂವರೆ ಮಿ.ಮೀ. ಪಕ್ಕದ ಏಣಿನ (ಗುಡ್ಡದ ಉದ್ದನೆಯ ಬೆನ್ನಿನ) ಮೇಲೆ ನಿಂತಿದ್ದೇವೆ ಎಂದುಕೊಳ್ಳಲು ಅಷ್ಟು ಸಾಕು. ಅರ್ಧ ಡಿಗ್ರಿಯಲ್ಲಿ ಅದು 44 ಮೀಟರ್, ಹಾಳೆಯಲ್ಲಿ ಒಂದು ಮಿ.ಮೀ. ಒಳಗೆ. ಆದರೆ ಮಳೆಗಾಲದ ಘಟ್ಟದಲ್ಲಿ ಮಂಜು ಕವಿದರೆ ಶಿಖರವೇ ಕಾಣುವುದಿಲ್ಲ. ಇದು ಎರಡನೇ ಹಂತದ ಪಾಠ, ಅದೂ ತಿಳಿಯಾದ ದಿನಗಳಲ್ಲಿ.

ಮೊಬೈಲ್‌ನಲ್ಲಿ ಕಂಪಾಸ್ ಬೇರೆ, ಜಿಪಿಎಸ್ ಬೇರೆ. ಕಂಪಾಸ್ ಅಂಕಿ ನಿಂತಲ್ಲಿ ನಿಲ್ಲುವುದಿಲ್ಲ. ಕವರಿನಲ್ಲಿ ಆಯಸ್ಕಾಂತವಿದ್ದರಂತೂ ಹೇಳುವುದೇ ಬೇಡ. ಕವರ್ ತೆಗೆದು, ಎಂಟರ ಆಕಾರದಲ್ಲಿ ಬೀಸಿದ ಮೇಲೆಯೇ ನೋಡಬೇಕು. ನಾಣ್ಯದ ಅಭ್ಯಾಸದಲ್ಲಿ ಮೂರರಲ್ಲಿ ಹೆಚ್ಚು ದೂರ ಹೋಗಿ ನಿಲ್ಲುವವರು ಮೊಬೈಲಿನವರೇ. ಜಿಪಿಎಸ್ ಹಾಗಲ್ಲ. ಸಿಗ್ನಲ್ ಇಲ್ಲದ ಕಾಡಿನಲ್ಲೂ ಅದು ಕೆಲಸ ಮಾಡುತ್ತದೆ, ಮೊದಲೇ ಇಳಿಸಿಕೊಂಡ ನಕ್ಷೆ ಇರಬೇಕು ಅಷ್ಟೆ. ಅದರ ತೊಂದರೆ ಕಲಿಕೆಯದ್ದು: ನೀಲಿ ಚುಕ್ಕೆ ಕಂಡ ಕಣ್ಣು ಎದುರಿನ ಗುಡ್ಡದತ್ತ ಏಳುವುದೇ ಇಲ್ಲ.

ಹಾಗಾಗಿ ಮೊಬೈಲನ್ನು ಉತ್ತರ ತಾಳೆನೋಡುವುದಕ್ಕೆ ಮಾತ್ರ ಕೊಡುವುದು ಸರಿ. ಮೊದಲು ಹಾಳೆಯಿಂದ ಆರಂಕಿಯ ಗ್ರಿಡ್ ರೆಫರೆನ್ಸ್ (ಗ್ರಿಡ್ ಗೆರೆಗಳಿಂದ ಜಾಗ ಗುರುತಿಸುವ ಅಂಕಿ) ಬರೆಸಿ. ಆಮೇಲೆ ಮೊಬೈಲನ್ನು ಯುಟಿಎಂಗೆ, ಅಂದರೆ ಜಾಗವನ್ನು ಮೀಟರ್ ಲೆಕ್ಕದಲ್ಲಿ ತೋರಿಸುವ ಗ್ರಿಡ್‌ಗೆ, ಹಾಕಿ ನೋಡಲಿ. ಮೂಡಿಗೆರೆ ಕಡೆಯಲ್ಲಿ ಈಸ್ಟಿಂಗ್ (ಪೂರ್ವದ ಅಳತೆ) 571234, ನಾರ್ತಿಂಗ್ (ಉತ್ತರದ ಅಳತೆ) 1454870 ಎಂದು ತೋರಿಸಿದರೆ, ಕೊನೆಯ ಎರಡಂಕಿ ಬಿಟ್ಟು ಅದರ ಹಿಂದಿನ ಮೂರಂಕಿ: ಮೊದಲನೆಯದರಿಂದ 712, ಎರಡನೆಯದರಿಂದ 548 ತೆಗೆದು 712548. ಕೊನೆಯ ಅಂಕಿ ನೂರು ಮೀಟರಿನದು, ಹಾಳೆಯಲ್ಲಿ 2 ಮಿ.ಮೀ. ಒಂದಂಕಿ ಆಚೀಚೆಯಾದರೆ ಪರವಾಗಿಲ್ಲ. ಹಳೆಯ ಎವರೆಸ್ಟ್ ಡೇಟಮ್‌ನ (ನಕ್ಷೆಯ ಅಳತೆಗೆ ಆಧಾರವಾದ ಭೂಮಿಯ ಮಾದರಿ) ಹಾಳೆ ತಂದಿದ್ದರೆ ಈ ಅಂಕಿಗಳು ಕೂಡುವುದಿಲ್ಲ. ಹೊಸ ಹಾಳೆಗಳದು ಡಬ್ಲ್ಯುಜಿಎಸ್ 84.

ಬೇಸ್‌ಪ್ಲೇಟ್ ಕೊಳ್ಳುವಾಗ ಒಂದು ಎಚ್ಚರ. ಯುರೋಪಿನ ಉತ್ತರಕ್ಕೆಂದು ಮಾಡಿದ ಕಂಪಾಸಿನಲ್ಲಿ, ಅಲ್ಲಿ ಸೂಜಿಯ ಉತ್ತರ ತುದಿ ಕೆಳಕ್ಕೆ ಎಳೆಯುತ್ತದೆಂದು ದಕ್ಷಿಣ ತುದಿಗೆ ಭಾರ ಕೊಟ್ಟಿರುತ್ತಾರೆ. ನಾವು ಕಾಂತೀಯ ಸಮಭಾಜಕಕ್ಕೆ (ಸೂಜಿ ಯಾವ ಕಡೆಗೂ ಬಾಗದೆ ಮಟ್ಟವಾಗಿ ನಿಲ್ಲುವ ಗೆರೆ) ಹತ್ತಿರದವರು, ಇಲ್ಲಿ ಆ ಎಳೆತ ಕಡಿಮೆ. ಭಾರದ ತುದಿ ಬಾಗಿ ಡಬ್ಬಿಗೆ ತಗಲುತ್ತದೆ, ಸೂಜಿ ತಡವರಿಸುತ್ತದೆ. ಅಂಗಡಿಯಲ್ಲೇ ಸಮವಾಗಿ ಹಿಡಿದು, ನಿಧಾನಕ್ಕೆ ಒಂದು ಸುತ್ತು ತಿರುಗಿ ನೋಡಿ. ಪಾಶ್ಚಾತ್ಯ ಕೈಪಿಡಿಗಳಲ್ಲಿ ಪುಟಗಟ್ಟಲೆ ಬರುವ ಡಿಕ್ಲಿನೇಷನ್ (ಸೂಜಿಯ ಉತ್ತರಕ್ಕೂ ನಿಜ ಉತ್ತರಕ್ಕೂ ಇರುವ ವ್ಯತ್ಯಾಸ) ಲೆಕ್ಕವನ್ನೂ ಮೊದಲ ದಿನ ಕೈಬಿಡಿ. ಕರ್ನಾಟಕದಲ್ಲಿ ಅದು 2 ಡಿಗ್ರಿಗಿಂತ ಕಡಿಮೆ, ಪಶ್ಚಿಮಕ್ಕೆ. ಕೂಡುವುದೋ ಕಳೆಯುವುದೋ ಎಂಬ ಗೊಂದಲದಲ್ಲಿ ಆಗುವ ತಪ್ಪು ಅದಕ್ಕಿಂತ ದೊಡ್ಡದು.

ಮೂರರ ಕಂಪಾಸೂ ಒಟ್ಟಿಗೆ ತಪ್ಪುವ ಜಾಗಗಳೂ ಇವೆ. ಕುದುರೆಮುಖದ ಅದಿರು ಸೂಜಿಯನ್ನು ಎಳೆಯುವ ಮ್ಯಾಗ್ನೆಟೈಟ್, ಬಾಬಾಬುಡನ್ ಸಾಲಿನಲ್ಲೂ ಅದು ಬೆರೆತ ಕಬ್ಬಿಣದ ಬಂಡೆಗಳಿವೆ. ಅಂಥ ಬಂಡೆಯ ಮೇಲೆ ಕಂಪಾಸ್ ಇಟ್ಟು ನೋಡಲೇಬಾರದು. ಅನುಮಾನ ಬಂದರೆ ಇಬ್ಬರು ಐವತ್ತು ಹೆಜ್ಜೆ ಅಂತರದಲ್ಲಿ ನಿಂತು ಒಬ್ಬರ ಬೇರಿಂಗ್ ಒಬ್ಬರು ತೆಗೆಯಲಿ. ಎರಡರ ನಡುವೆ 180 ಡಿಗ್ರಿ ಅಂತರ ಇರಬೇಕು. ನಾಲ್ಕೈದು ಡಿಗ್ರಿ ಹೆಚ್ಚುಕಡಿಮೆ ಬಂದರೆ ಇಬ್ಬರೂ ಜಾಗ ಬದಲಿಸಿ ಮತ್ತೆ ನೋಡಿ. ಆಗಲೂ ಕೂಡದಿದ್ದರೆ ಕಂಪಾಸ್ ಜೇಬಿಗಿಟ್ಟು, ಎದುರಿನ ಏಣು ಮತ್ತು ಕೆಳಗಿನ ಹಳ್ಳ ಹಾಳೆಯ ಏಣು-ಹಳ್ಳಗಳಿಗೆ ಹೊಂದುವಂತೆ ಹಾಳೆಯನ್ನೇ ತಿರುಗಿಸಿ ಹಿಡಿಯಿರಿ.